ಬಾಂಚೊ ಅಂಗಡಿಯ ಸುಶಿ ಯಾಕೆ ಸಪ್ಪೆಯಾಗುತ್ತದೆ?

ಪ್ರಿಯ ಓದುಗರೇ,

ಹಗಲು ಕಡಲಿಗೆ ಮುಳುಗಿ ಮೀನು ಹಿಡಿದು, ರಾತ್ರಿ ಬಾಣಸಿಗ ಬಾಂಚೊನ ಸುಶಿ ಅಂಗಡಿಯಲ್ಲಿ ಡೇವ್ ಆಗಿ ಬಡಿಸುವ ‘ಡೇವ್ ದಿ ಡೈವರ್’ ಎಂಬ ವಿಡಿಯೊ ಆಟದ ಬಗ್ಗೆ ನೀವು ಬರೆದ ಪತ್ರದಲ್ಲಿ ಮೂರು ತಕರಾರುಗಳಿವೆ. ಎಷ್ಟು ಮೀನು ಹೊಡೆದು ತಂದರೂ ಅಡುಗೆಮನೆಗೆ ಸಿಗುವ ಮಾಂಸ ಕಮ್ಮಿ. ರಾತ್ರಿ ಅಂಗಡಿ ಮುಚ್ಚುವಾಗ ಮಾಡಿಟ್ಟ ಸುಶಿಯಲ್ಲಿ ಎಷ್ಟೋ ಕಸದ ಪಾಲು. ಮೊದಮೊದಲಿದ್ದ ಹುರುಪು ಆಟದ ನಡುಭಾಗಕ್ಕೆ ಬರುವಷ್ಟರಲ್ಲಿ ಇಳಿದುಹೋಯಿತು, ತಪ್ಪು ನನ್ನದೋ ಆಟದ್ದೋ ಎಂದು ಕೇಳಿದ್ದೀರಿ. ಮೊದಲ ಎರಡಕ್ಕೆ ಮದ್ದಿದೆ. ಮೂರನೆಯದು ಆಟದ್ದೇ ದೋಷ.

ಮೀನಿನ ಲೆಕ್ಕ ಮೊದಲು ನೋಡೋಣ. ಹಿಡಿದ ಪ್ರತಿ ಮೀನಿಗೂ ಒಂದರಿಂದ ಮೂರು ನಕ್ಷತ್ರಗಳ ದರ್ಜೆ ಇರುತ್ತದೆ. ನಕ್ಷತ್ರ ಹೆಚ್ಚಿದಷ್ಟೂ ಮಾಂಸ ಹೆಚ್ಚು. ರೈಫಲ್‌ನಿಂದ ಕೊಂದರೆ ದರ್ಜೆ ಕುಸಿಯುತ್ತದೆ. ಬಲೆಯಲ್ಲಿ ಸಿಕ್ಕಿಸಿಯೋ ನಿದ್ದೆ ಬರಿಸಿಯೋ ಜೀವಂತ ಹಿಡಿದರೆ ಮೂರು ನಕ್ಷತ್ರ. ಹಾಗಾಗಿ ಆಯುಧ ತಯಾರಕ ಡಫ್ ಬಳಿ ಆಯುಧ ಮಾಡಿಸುವಾಗ ಯಾವುದರ ಏಟು ಜೋರು ಎಂದು ಮಾತ್ರ ನೋಡಬೇಡಿ. ಗುಂಪಾಗಿ ಓಡಾಡುವ ಸಣ್ಣ ಮೀನಿಗೆ ಬಲೆ ಎಸೆಯುವ ನೆಟ್ ಗನ್, ಟ್ಯೂನಾ, ಶಾರ್ಕ್‌ನಂಥ ದೊಡ್ಡವಕ್ಕೆ ನಿದ್ದೆ ಬರಿಸುವ ಹಶ್ ಡಾರ್ಟ್ ಇರಲಿ. ದೊಡ್ಡ ಮೀನು ಮಲಗಿದ ಕೂಡಲೇ ಅಲ್ಲೇ ಚಾಕು ಹಾಕಿ ತುಂಡು ಮಾಡಬೇಡಿ. ಸಾಲ್ವೇಜ್ ಡ್ರೋನ್ ಕರೆದು ಇಡಿಯಾಗಿ ಮೇಲಕ್ಕೆ ಕಳಿಸಿ. ಅದರ ಭಾರ ನಿಮ್ಮ ಸರಕಿಗೆ ಸೇರುವುದಿಲ್ಲ. ಒಂದು ಮುಳುಗಿಗೆ ಸಿಗುವ ಡ್ರೋನ್‌ಗಳಿಗೆ ಮಿತಿಯಿದೆ, ಆದ್ದರಿಂದ ಎದುರಾದ ಮೊದಲ ಶಾರ್ಕ್‌ಗೇ ಎಲ್ಲವನ್ನೂ ಖರ್ಚು ಮಾಡದಿರಿ.

ಸರಕಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಈ ಆಟದಲ್ಲಿ ಆಮ್ಲಜನಕವೇ ಸಮಯ, ಅದೇ ಜೀವ. ಶಾರ್ಕ್ ಕಚ್ಚಿದರೂ ಇಳಿಯುವುದು ಆಮ್ಲಜನಕದ ಅಳತೆಪಟ್ಟಿಯೇ. ಹೊರೆ ಮಿತಿ ಮೀರಿದರೆ ಡೇವ್ ನಿಧಾನವಾಗುತ್ತಾನೆ, ಮೇಲೇರುವ ಮುನ್ನ ಉಸಿರು ಮುಗಿಯುತ್ತದೆ, ಆಗ ತಂದದ್ದರಲ್ಲಿ ಒಂದೇ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಡಬೇಕು. ಇಡೀ ಮುಳುಗು ನೀರಿನಲ್ಲಿ ಹೋಮ! ಸಣ್ಣ ಟ್ಯಾಂಕ್ ಇಟ್ಟುಕೊಂಡು ಆಳಕ್ಕಿಳಿಯುವ ಸೂಟ್ ಕೊಂಡು ಪ್ರಯೋಜನವಿಲ್ಲ. ಆದ್ದರಿಂದ ಹಣ ಬಂದಾಗ ಮೊದಲು ಆಮ್ಲಜನಕದ ಟ್ಯಾಂಕ್, ಆಮೇಲೆ ಸರಕು ಪೆಟ್ಟಿಗೆ, ಅನಂತರ ಸೂಟ್. ಆಳದಲ್ಲಿದ್ದಾಗ ಎಸ್ಕೇಪ್ ಪಾಡ್ ಕಂಡ ಜಾಗವನ್ನು ನೆನಪಿಟ್ಟುಕೊಳ್ಳಿ, ಅಲ್ಲಿಂದ ನೇರ ಮೇಲೆ ಹೋಗಬಹುದು.

ಇನ್ನು ಕಸಕ್ಕೆ ಹೋಗುವ ಸುಶಿ. ಮೆನುವಿನಲ್ಲಿ ನೀವು ‘ಇಷ್ಟು ತಟ್ಟೆ’ ಎಂದು ನಮೂದಿಸಿದ ಕ್ಷಣವೇ ಅಷ್ಟಕ್ಕೆ ಬೇಕಾದ ಮೀನು ಎತ್ತಿಟ್ಟಾಯಿತು ಎಂದು ಲೆಕ್ಕ. ಮಾರಾಟವಾಗದೆ ಉಳಿದದ್ದು ಮರುದಿನಕ್ಕೆ ಬರುವುದಿಲ್ಲ. ಒಂದೊಂದು ಖಾದ್ಯಕ್ಕೂ ಒಂದೇ ತಟ್ಟೆ ಇಟ್ಟು ಆಟೋ ಸಪ್ಲೈ ಒತ್ತಿ: ಖಾಲಿಯಾದಂತೆಲ್ಲ ಅಡುಗೆಮನೆ ಹೊಸದು ತಯಾರಿಸುತ್ತದೆ, ಬೇಡಿಕೆಯಿಲ್ಲದ್ದಕ್ಕೆ ಮೀನು ಹಾಳಾಗುವುದಿಲ್ಲ. ಹಾಗೆಂದು ಮೆನುವಿನ ಎಲ್ಲ ಜಾಗವನ್ನೂ ತುಂಬಬೇಡಿ. ಅಗ್ಗದ ಖಾದ್ಯ ಕಣ್ಣಿಗೆ ಬಿದ್ದರೆ ಗಿರಾಕಿ ಅದನ್ನೂ ಕೇಳುತ್ತಾನೆ, ಆ ಕುರ್ಚಿಯಿಂದ ಬರಬೇಕಿದ್ದ ಹಣ ಕಮ್ಮಿಯಾಗುತ್ತದೆ. ಹೆಚ್ಚುವರಿ ಮೀನನ್ನು ಖಾದ್ಯದ ಮಟ್ಟ ಏರಿಸಲು ಬಳಸಿ. ರುಚಿಯ ಅಂಕವೂ ಬೆಲೆಯೂ ಒಟ್ಟಿಗೆ ಏರುತ್ತವೆ.

ಈ ಎರಡು ಸರಿಹೋದ ಮೇಲೆ ಆಟದ ನಿಜವಾದ ಸೊಗಸು ಕಾಣಿಸುತ್ತದೆ: ಹಗಲು ನೀರಿನೊಳಗೆ ಮಾಡಿದ ಆಯ್ಕೆ ರಾತ್ರಿ ತಟ್ಟೆಗೆ ಬರುತ್ತದೆ. ಭಾರವಾಯಿತೆಂದು ಬಿಟ್ಟುಬಂದ ಮೀನು ಮೆನುವಿನಲ್ಲಿ ಖಾಲಿ ಜಾಗವಾಗಿ ಕೂರುತ್ತದೆ. ರಾತ್ರಿಯ ಗಡಿಬಿಡಿಯನ್ನೇ ನೋಡಿ. ಗಿರಾಕಿ ಹಸಿರು ಚಹಾ ಕೇಳಿದ್ದಾನೆ. ಬಟನ್ ಒತ್ತಿ ಹಿಡಿದು ಸುರಿಯಬೇಕು, ಗುರುತಿನ ಮಟ್ಟಕ್ಕೆ ಬಂದಾಗ ಕೈ ಬಿಡಬೇಕು, ಸರಿಯಾದರೆ ಟಿಪ್ಸ್. ಅಷ್ಟರಲ್ಲಿ ಸುಶಿಗೆ ಬೇಕಾದ ವಸಾಬಿ ಎಂಬ ಖಾರದ ಗೆಡ್ಡೆಯ ತುರಿ ಮುಗಿದಿದೆ, ಹೋಗಿ ತುರಿಯಬೇಕು. ಬಾಂಚೊ ತಟ್ಟೆ ಇಟ್ಟಾಗಿದೆ. ಬಾಗಿಲ ಬಳಿ ಕೂತವನ ತಾಳ್ಮೆ ಕರಗುತ್ತಿದೆ. ಹೊಟ್ಟೆ ಹೊತ್ತ ಡೇವ್ ಆ ಕಡೆಯಿಂದ ಈ ಕಡೆ ಓಡುವುದನ್ನು ನೋಡುವುದೇ ಒಂದು ಖುಷಿ. ಸಣ್ಣ ಚೌಕಗಳಿಂದ ಬಿಡಿಸಿದ ಪಿಕ್ಸೆಲ್ ಚಿತ್ರದ ಪಾತ್ರಗಳನ್ನು ಮೂರು ಆಯಾಮದ ಹಿನ್ನೆಲೆಯಲ್ಲಿಟ್ಟು ಬೆಳಕು ಬಿಟ್ಟ ರೀತಿಯಿಂದ ಸಮುದ್ರಕ್ಕೆ ನಿಜವಾದ ಆಳ ಬಂದಿದೆ.

ದುಃಖದ ಸಂಗತಿಯೆಂದರೆ, ಈ ನಂಟನ್ನು ಆಟವೇ ಮುಂದೆ ಸಡಿಲಿಸುತ್ತದೆ. ಮೀನು ಸಾಕಣೆ ತೊಟ್ಟಿಗಳು ಬರುತ್ತವೆ, ಅಲ್ಲಿ ಮೀನು ತಾನಾಗಿ ಹೆಚ್ಚುತ್ತದೆ. ಅಕ್ಕಿ, ತರಕಾರಿಗೆ ಹೊಲ ಬರುತ್ತದೆ. ತರಬೇತಿ ಪಡೆದ ಸಿಬ್ಬಂದಿ ಬಡಿಸುವುದನ್ನೂ ನೋಡಿಕೊಳ್ಳುತ್ತಾರೆ. ಇಷ್ಟಾದ ಮೇಲೆ ಇವತ್ತು ಯಾವ ಮೀನಿಗಾಗಿ ಮುಳುಗಬೇಕು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಆ ಜಾಗವನ್ನು ತುಂಬುವುದು ಕಡಲಾಳದಲ್ಲಿ ವಾಸಿಸುವ ಕಡಲಜನರ ಊರಿನಲ್ಲಿ ಅದು ಇದು ತಂದುಕೊಡುವ ಕೆಲಸಗಳು, ಕದ್ದು ನುಸುಳುವ ಭಾಗಗಳು, ಬಟನ್ ಪಟಪಟನೆ ಒತ್ತುವ ಪುಟ್ಟ ಆಟಗಳು. ಒಂದೊಂದೂ ಚೆನ್ನಾಗಿದೆ, ಆದರೆ ಹೋಟೆಲಿಗೆ ಅವುಗಳಿಂದ ಏನೂ ಸೇರುವುದಿಲ್ಲ. ಹೋಟೆಲಿನ ವ್ಯವಹಾರವೂ ತೆಳು. 2018ರ ‘ಮೂನ್‌ಲೈಟರ್’ ಆಟದಲ್ಲಿ ಅಂಗಡಿಯ ಬೆಲೆಯನ್ನು ಆಡುವವರೇ ಇಟ್ಟು ಗಿರಾಕಿಯ ಮುಖ ನೋಡಿ ತಿದ್ದಬೇಕು. ಇಲ್ಲಿ ಬೆಲೆ ನಿಮ್ಮ ಕೈಯಲ್ಲಿಲ್ಲ, ದಿನನಿತ್ಯದ ಅಡುಗೆಯೂ ಬಾಂಚೊನದ್ದೇ.

ಮತ್ತೆ ಶುರುಮಾಡುವುದಾದರೆ ಹೀಗೆ ಆಡಿ: ತೊಟ್ಟಿಯ ಮೀನನ್ನು ಖಾದ್ಯದ ಮಟ್ಟ ಏರಿಸಲು ಮಾತ್ರ ಮೀಸಲಿಡಿ, ಮೆನುವಿಗೆ ಆ ದಿನ ಹಿಡಿದದ್ದೇ ಬರಲಿ. ಬಡಿಸುವವರನ್ನು ಒಬ್ಬರಿಗೆ ಇಳಿಸಿ, ಚಹಾ ನೀವೇ ಸುರಿಯಿರಿ. ಲಾಭ ಇಳಿಯುತ್ತದೆ, ರಾತ್ರಿಗೆ ಜೀವ ಬರುತ್ತದೆ.

‘ಇಂಡಿ ಆಟ (ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡಿದ ಸ್ವತಂತ್ರ ಆಟ), ಸಣ್ಣ ತಂಡ, ಸ್ವಲ್ಪ ರಿಯಾಯಿತಿ ಕೊಡಬಾರದೇ’ ಎಂದೂ ಕೇಳಿದ್ದೀರಿ. ಕೊಡಬೇಕಿಲ್ಲ. ಇದನ್ನು ಮಾಡಿದ ಮಿಂಟ್‌ರಾಕೆಟ್, ನೆಕ್ಸಾನ್ ಎಂಬ ದೊಡ್ಡ ಕಂಪನಿಯ ಅಂಗ. 2023ರ ಜೂನ್‌ನಲ್ಲಿ ಪೂರ್ಣರೂಪದಲ್ಲಿ ಬಂದ ಈ ಆಟ ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನ ಅತ್ಯುತ್ತಮ ಸ್ವತಂತ್ರ ಆಟದ ವಿಭಾಗಕ್ಕೆ ನಾಮನಿರ್ದೇಶನಗೊಂಡಾಗ ಇದೇ ಕಾರಣಕ್ಕೆ ಆಕ್ಷೇಪ ಎದ್ದಿತ್ತು. ಪ್ರಶಸ್ತಿ ‘ಸೀ ಆಫ್ ಸ್ಟಾರ್ಸ್’ ಪಾಲಾಯಿತು. ಪಿಕ್ಸೆಲ್ ಇಲ್ಲಿ ದುಡ್ಡಿಲ್ಲದೆ ಬಂದದ್ದಲ್ಲ, ಬೇಕೆಂದೇ ಆರಿಸಿಕೊಂಡ ಶೈಲಿ. ಹಾಗಾಗಿ ನಡುಭಾಗದ ಬಗ್ಗೆ ನಿಮ್ಮ ತಕರಾರನ್ನು ಸಂಕೋಚವಿಲ್ಲದೆ ಎತ್ತಬಹುದು.

— ಸಂಪಾದಕರು