ಮಕ್ಕಳಾಗಲಿಲ್ಲವೆಂದು ಪರೀಕ್ಷೆ ಮಾಡಿಸಿದಾಗ ಗಂಡನ ವೀರ್ಯದ ವರದಿಯಲ್ಲಿ ದೋಷ ಕಂಡುಬಂದಿದೆ. ಮನೆಯ ಶಾಂತಿಗಾಗಿ ಅದನ್ನು ನನ್ನ ಮೇಲೆ ಹಾಕಿಕೊಳ್ಳಲೇ?

ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮ ಯಜಮಾನರು "ಸದ್ಯಕ್ಕೆ ನಿನ್ನದೇ ತೊಂದರೆ ಎಂದು ಹೇಳು, ಆಮೇಲೆ ನೋಡೋಣ" ಎಂದು ಬೇಡಿಕೊಂಡರೆಂದು ಬರೆದಿದ್ದೀರಿ. ನಮ್ಮವರು ಬೇಡಿಕೊಂಡೂ ಇರಲಿಲ್ಲ, ನಾನೇ ಮುಂದೆ ಬಿದ್ದೆ. ತಿಪಟೂರಿನ ಮನೆಯಲ್ಲಿ ನಾದಿನಿಯ ಸೀಮಂತ ಮುಗಿದಿತ್ತು. ಮಿಕ್ಕ ಎಲೆಗಳನ್ನು ಒರೆಸಿ ಸುತ್ತಿಡುತ್ತಿದ್ದ ಅತ್ತೆ "ಡಾಕ್ಟರು ಏನಂದರು?" ಎಂದು ಕೇಳಿದರು. ಇವರು ಹಜಾರದಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಪುಟ ತಿರುಗಿಸುವ ಸದ್ದು ನಿಂತಿತು. "ನನಗೇ ಏನೋ ಹಾರ್ಮೋನ್ ತೊಂದರೆಯಂತೆ ಅತ್ತೆ" ಎಂದೆ. ಪುಟ ತಿರುಗಿತು.

ನನ್ನ ಲೆಕ್ಕ ಸರಳವಾಗಿತ್ತು. ಅವರು ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡಬೇಕಾದವರು. ನಾನು ಬೆಂಗಳೂರಿನಲ್ಲಿರುವವಳು, ಹಬ್ಬಕ್ಕೊಮ್ಮೆ ಹೋದಾಗ ನಾಲ್ಕು ಮಾತು ಕೇಳಿಸಿಕೊಂಡರಾಯಿತು ಎಂದುಕೊಂಡೆ. ಒಂದು ವಿಷಯ ಹೊಳೆಯಲಿಲ್ಲ: ದೋಷ ಯಾರದೆಂದು ಹೇಳುತ್ತೇವೋ ಚಿಕಿತ್ಸೆಯೂ ಅವರಿಗೇ ನಡೆಯುತ್ತದೆ. ನಾನು ರೋಗಿಯಾದ ಮೇಲೆ ಅವರು ಆಸ್ಪತ್ರೆಗೆ ಹೋಗಲು ಕಾರಣವೇ ಉಳಿಯಲಿಲ್ಲ.

ಅವರಿಗಿದ್ದದ್ದು ವೆರಿಕೋಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಳ್ಳುವುದು. ಗಂಡಸರಲ್ಲಿ ನೂರಕ್ಕೆ ಹದಿನೈದು ಮಂದಿಗೆ ಇರುತ್ತದಂತೆ, ಬಹುಪಾಲು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಇವರಿಗೆ ವೀರ್ಯಾಣುಗಳ ಸಂಖ್ಯೆ ಕುಸಿದಿತ್ತು. ಸಣ್ಣ ಶಸ್ತ್ರಚಿಕಿತ್ಸೆ ಸಾಕು ಎಂದಿದ್ದರು ಡಾಕ್ಟರು. ಆದರೆ ಕೆಲವು ದಿನ ಭಾರ ಎತ್ತದೆ ಮನೆಯಲ್ಲಿರಬೇಕು. ಮಗನಿಗೆ ಆಪರೇಷನ್ ಎಂದರೆ ಅತ್ತೆ ಮಾವ ಮೊದಲ ಬಸ್ಸಿಗೇ ಬಂದಿಳಿಯುತ್ತಾರೆ. ಏನೆಂದು ಹೇಳುವುದು? ದಸರಾ ಮುಗಿಯಲಿ, ಮೈದುನನ ಮದುವೆ ಮುಗಿಯಲಿ ಎನ್ನುತ್ತಾ ಮುಂದೂಡಿದೆವು. ವೀರ್ಯಾಣು ಹೊಸದಾಗಿ ಹುಟ್ಟಿ ಬಲಿಯಲು ಹತ್ತಿರ ಹತ್ತಿರ ಎರಡೂವರೆ ತಿಂಗಳು ಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಯ ಫಲ ಕಾಣುವುದೇ ಮೂರರಿಂದ ಆರು ತಿಂಗಳ ಮೇಲೆ. ನಾವು ಕಳೆದುಕೊಂಡದ್ದು ತಿಂಗಳುಗಳನ್ನಲ್ಲ, ವರ್ಷಗಳನ್ನು.

ಅತ್ತ ನನ್ನ ಚಿಕಿತ್ಸೆ ಜೋರಾಗಿಯೇ ನಡೆದಿತ್ತು. ಡಾಕ್ಟರು ಅವರಿಗೆ ಬರೆದುಕೊಟ್ಟ ಮಾತ್ರೆಗಳು ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿರುತ್ತಿದ್ದವು. ಅತ್ತೆ ಜ್ಞಾಪಿಸಿ "ಮಾತ್ರೆ ತೆಗೆದುಕೊಂಡೆಯಾ?" ಎನ್ನುತ್ತಿದ್ದರು. ನಾನು ನೀರಿನ ಲೋಟದ ಜೊತೆ ಒಳಗೆ ಒಯ್ದು ಇವರ ಕೈಗೆ ಕೊಡುತ್ತಿದ್ದೆ. ಗರ್ಭನಾಳ ತೆರೆದಿದೆಯೇ ಎಂದು ದ್ರಾವಣ ಬಿಟ್ಟು ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿ ಪರೀಕ್ಷೆ ಮೊದಲೇ ಆಗಿತ್ತು. ಅತ್ತೆ ತಮ್ಮ ಪರಿಚಯದ ಡಾಕ್ಟರ ಹತ್ತಿರ ಅದನ್ನು ಮತ್ತೆ ಮಾಡಿಸಿದರು. ಹಳೆಯ ವರದಿ ತೋರಿಸಿ ತಪ್ಪಿಸಿಕೊಳ್ಳೋಣವೆಂದರೆ ಅದರಲ್ಲಿ ಎಲ್ಲವೂ ಸರಿಯಾಗಿದೆ ಎಂದಿತ್ತು! ಎರಡನೆಯದರಲ್ಲೂ ಸರಿಯಾಗಿಯೇ ಬಂತು. ಡಾಕ್ಟರ ಕಣ್ಣಿಗೂ ಕಾಣದ ದೋಷವೆಂದರೆ ನಾಗದೋಷವೇ ಎಂದು ಅತ್ತೆ ತೀರ್ಮಾನಿಸಿದರು. ಕುಕ್ಕೆಯಲ್ಲಿ ಆಶ್ಲೇಷ ಬಲಿಯಾಯಿತು.

ಆಮೇಲೆ ಚನ್ನಪಟ್ಟಣದ ಪಕ್ಕದ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲು ಒಪ್ಪಿಸುತ್ತಾರೆ. ದಾರಿಯುದ್ದಕ್ಕೂ ಪುಟ್ಟ ಮರದ ತೊಟ್ಟಿಲು ನನ್ನ ಮಡಿಲಲ್ಲಿತ್ತು, ಅದರ ದಾರ ಸಿಕ್ಕಾಗದಂತೆ ಬೆರಳಿಗೆ ಸುತ್ತಿಕೊಂಡಿದ್ದೆ. ಕೃಷ್ಣನ ಮೇಲೆ ನನ್ನ ತಕರಾರಿಲ್ಲ, ಈಗಲೂ ಆ ದಾರಿಯಲ್ಲಿ ಹೋದರೆ ಇಳಿದು ಕೈಮುಗಿದೇ ಬರುತ್ತೇನೆ. ಎಲ್ಲ ಗೊತ್ತಿದ್ದವರು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕುಳಿತಿದ್ದರಲ್ಲ, ನನ್ನ ತಕರಾರು ಅದರ ಮೇಲೆ.

ಕೊನೆಗೆ ನೆಂಟರೊಬ್ಬರು ನನ್ನೆದುರಿಗೇ "ಇನ್ನೊಂದು ಸಂಬಂಧ ನೋಡೋಣ" ಎಂದರು. ನಿಮ್ಮ ಮನೆಯಲ್ಲೂ ಈ ಮಾತು ಬಂದಿದೆಯಂತೆ. ಹೆದರಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಕಾರಣವೇ ಅಲ್ಲ, ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗುವುದು ಅಪರಾಧ. ಆ ಹೊತ್ತಿಗೆ ನನಗೆ ಕಾಯ್ದೆ ಎಲ್ಲಿ ನೆನಪಿಗೆ ಬರಬೇಕು? ಬೀರುವಿನಲ್ಲಿ ಸೀರೆಯ ಮಡಿಕೆಯೊಳಗಿದ್ದ ವರದಿಯನ್ನು ತಂದು ಮೇಜಿನ ಮೇಲೆ ಹಾಕಿದೆ. "ಇಷ್ಟು ವರ್ಷ ಇಲ್ಲದ ಕಾಗದ ಈಗ ಎಲ್ಲಿಂದ ಬಂತು?" ಎಂದರು ಅತ್ತೆ. ನ್ಯಾಯವಾದ ಪ್ರಶ್ನೆಯೇ. ಇವರು "ಹೌದಮ್ಮ, ತೊಂದರೆ ನನ್ನದೇ" ಎಂದಾಗ ಅವರಿಗೆ ಅರ್ಥವಾದದ್ದು ಬೇರೆಯೇ. ಹೆಂಡತಿಯ ಮಾನ ಉಳಿಸಲು ತನ್ನ ಮಗ ಇಲ್ಲದ ದೋಷವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾನೆ ಎಂದುಕೊಂಡು ಅತ್ತರು. ಅವರ ಪಾಲಿಗೆ ಇವತ್ತಿಗೂ ಅದೇ ನಿಜ.

ಶಸ್ತ್ರಚಿಕಿತ್ಸೆ ಆಯಿತು, ಸಂಖ್ಯೆಯೂ ಏರಿತು. ಅಷ್ಟರಲ್ಲಿ ನನಗೆ ಮೂವತ್ತೇಳು ದಾಟಿ ಅಂಡಾಣುಗಳ ಸಂಗ್ರಹ ತೀರಾ ಇಳಿದಿತ್ತು. ಐವಿಎಫ್ ಮಾಡಿಸಿದೆವು, ನಿಲ್ಲಲಿಲ್ಲ. ಈಗ ದತ್ತು ಪಡೆಯಲು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ನೋಂದಾಯಿಸಿ ಕಾಯುತ್ತಿದ್ದೇವೆ. ಜಗಳವಿಲ್ಲದೆ ಇದ್ದೇವೆ, ಅಷ್ಟು ಹೇಳಬಲ್ಲೆ.

ಸತ್ಯ ಹೇಳಲೇ, ಸುಳ್ಳು ಹೇಳಲೇ ಎಂದು ಕೇಳಿದ್ದೀರಿ. ಎರಡೂ ಬೇಕಿಲ್ಲ. ಅವರ ವರದಿ ಅವರ ಖಾಸಗಿ ವಿಷಯ, ಊರಿಗೆಲ್ಲ ಸಾರುವ ಹಕ್ಕು ನಿಮಗಿಲ್ಲ. "ಇಬ್ಬರಿಗೂ ಚಿಕಿತ್ಸೆ ನಡೆಯುತ್ತಿದೆ, ವಿವರ ಕೇಳಬೇಡಿ" ಎಂಬ ಒಂದೇ ಮಾತು ಸಾಕು. ನನಗೂ ಆ ಮಾತು ಲಭ್ಯವಿತ್ತು, ಆದರೆ ಒಳ್ಳೆಯ ಸೊಸೆ ಎನಿಸಿಕೊಳ್ಳುವ ಚಪಲಕ್ಕೆ ಇನ್ನೊಂದನ್ನು ಆರಿಸಿಕೊಂಡೆ. ಆ ಮಾತನ್ನು ಅವರೇ ಹೇಳಬೇಕು, ಅವರ ತಾಯಿಗೆ, ನೀವು ಪಕ್ಕದಲ್ಲಿರುವಾಗ. ಅಷ್ಟೂ ಆಗದು ಎಂದರೆ ನಿಮ್ಮ ತೊಂದರೆ ವೀರ್ಯಾಣುವಿನದಲ್ಲ.

ಒಂದೇ ವರದಿ ನೋಡಿ ಎದೆಗುಂದಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಮಿತಿಯಾಗಿ ಹೇಳುತ್ತದೆ, ಆದರೆ ಒಂದು ಜ್ವರ ಬಂದುಹೋದರೂ ಸಂಖ್ಯೆ ಇಳಿಯುತ್ತದೆ. ಎರಡರಿಂದ ಏಳು ದಿನ ವೀರ್ಯ ಸ್ಖಲನವಿಲ್ಲದಂತೆ ಇದ್ದು ಮತ್ತೊಮ್ಮೆ ಪರೀಕ್ಷೆ ಮಾಡಿಸಲಿ, ವರದಿ ಹಿಡಿದು ಯೂರಾಲಜಿಸ್ಟರನ್ನು ಕಾಣಲಿ. ನಿಮ್ಮ ವಯಸ್ಸು ಬರೆದಿಲ್ಲ. ಮೂವತ್ತೈದರ ಆಸುಪಾಸಿನಲ್ಲಿದ್ದರೆ ನಿಮ್ಮ ಅಂಡಾಣು ಸಂಗ್ರಹದ ಅಂದಾಜು ಕೊಡುವ ಎಎಮ್‌ಎಚ್ ರಕ್ತಪರೀಕ್ಷೆಯನ್ನೂ ಈ ವಾರವೇ ಮಾಡಿಸಿ, ಅವರ ಒಪ್ಪಿಗೆಗೆ ಕಾಯುತ್ತಾ ಕೂರಬೇಡಿ.