ಕೆಲಸವಿಲ್ಲ, ಸಾಲವಿದೆ: ಈಗ ದೇವರಿಗೆ ವಿಧೇಯನಾಗಿರುವುದು ಹೇಗೆ?

ಆರು ತಿಂಗಳಿಂದ ಕೆಲಸವಿಲ್ಲ, ತಲೆಯ ಮೇಲೆ ಸಾಲ, ಚರ್ಚಿನ ಸಭೆಯಲ್ಲಿ ಪ್ರತಿ ಭಾನುವಾರ "ವಿಧೇಯರಾಗಿರಿ" ಎನ್ನುತ್ತಾರೆ. ಹಾಗೆಂದರೆ ಬೆಳಗಾದರೆ ನಾನು ಮಾಡಬೇಕಾದ್ದೇನು ಎಂದು ಕೇಳಿದ್ದೀರಿ.

ಮೊದಲು ಬೈಬಲಿನ 2 ಅರಸುಗಳು 4ನೇ ಅಧ್ಯಾಯದ ಮೊದಲ ಏಳು ವಚನ ಓದಿ. ಒಬ್ಬಾಕೆಯ ಗಂಡ ತೀರಿಕೊಂಡಿದ್ದಾನೆ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ದಾಸರಾಗಿ ಒಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷನು ಆ ವಿಧವೆಗೆ ಹರಕೆ ಹೊರು ಎನ್ನಲಿಲ್ಲ, ಮನೆಯಲ್ಲಿ ಏನಿದೆ ಎಂದು ಕೇಳಿದ. ಇದ್ದದ್ದು ಒಂದಿಷ್ಟು ಎಣ್ಣೆ. ಆತ ಹೇಳಿದ್ದು ಇಷ್ಟು: ನೆರೆಯವರಿಂದ ಬರಿದಾದ ಪಾತ್ರೆ ಕೇಳಿ ತರಬೇಕು, ಬಾಗಿಲು ಮುಚ್ಚಿಕೊಂಡು ಆ ಎಣ್ಣೆಯನ್ನು ಅವುಗಳಲ್ಲಿ ಹೊಯ್ಯಬೇಕು, ಎಣ್ಣೆ ಮಾರಿ ಮೊದಲು ಸಾಲ ತೀರಿಸಬೇಕು, ಉಳಿದದ್ದರಲ್ಲಿ ಬದುಕಬೇಕು. ಪಾತ್ರೆಗಳೆಲ್ಲ ತುಂಬುವಷ್ಟು ಎಣ್ಣೆ ಹೆಚ್ಚಿಸಿದವನು ದೇವರು. ಪಾತ್ರೆಗಾಗಿ ಮನೆಮನೆ ಅಲೆದವಳು ಆಕೆ. ನೆರೆಮನೆಯ ಬಾಗಿಲು ತಟ್ಟಿದ್ದೂ ವಿಧೇಯತೆಯೇ. ಕಷ್ಟವನ್ನು ಬಚ್ಚಿಡುವುದನ್ನು ನಂಬಿಕೆ ಎಂದುಕೊಳ್ಳಬೇಡಿ.

ಹಾಗಾಗಿ ಇವತ್ತು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಯಾವ ತಾರೀಖಿಗೆ. ಕಂತಿನ ದಿನ ಬರುವ ಮೊದಲೇ ನೀವಾಗಿ ಫೋನ್ ಮಾಡಿ, ಈ ತಿಂಗಳು ಇಷ್ಟೇ ಆಗುತ್ತದೆ ಎಂದು ಹೇಳಿ. ಐದುನೂರು ಎಂದರೆ ಐದುನೂರು ಕೊಡಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬ ಮಾತು (ಮತ್ತಾಯ 5:37) ಪರೀಕ್ಷೆಗೆ ಬರುವುದು ಇಂಥ ಫೋನಿನಲ್ಲೇ. ಜನ ಎಡವುವುದು ಎರಡು ಕಡೆ: ಕರೆ ಎತ್ತದೆ ತಪ್ಪಿಸಿಕೊಳ್ಳುವುದು, ಇಲ್ಲವೇ ಒಂದು ಸಾಲ ತೀರಿಸಲು ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಸಾಲ ಎತ್ತುವುದು. ಎರಡನೆಯದರಲ್ಲಿ ಬಡ್ಡಿಗೆ ಬಡ್ಡಿ ಕೂಡಿ ಕುತ್ತಿಗೆಗೆ ಬರುತ್ತದೆ.

ದಶಮಾಂಶದ ಚಿಂತೆಯೂ ಇರಬಹುದು. ಮೋಶೆಯ ಧರ್ಮಶಾಸ್ತ್ರದಲ್ಲಿ ಅದು ಹುಟ್ಟುವಳಿಯ ಹತ್ತನೇ ಪಾಲು. ಹುಟ್ಟುವಳಿಯೇ ಇಲ್ಲದಿದ್ದರೆ ಹತ್ತನೇ ಪಾಲು ಎಲ್ಲಿಂದ? ಇಲ್ಲದ್ದರಿಂದಲ್ಲ, ಇರುವುದರಿಂದ ಕೊಟ್ಟದ್ದೇ ಮೆಚ್ಚಿಗೆ ಎಂದು ಅಪೊಸ್ತಲ ಪೌಲನು ಬರೆದಿದ್ದಾನೆ (2 ಕೊರಿಂಥ 8:12). ಸಾಲ ತೆಗೆದು ಕಾಣಿಕೆ ಹಾಕಬೇಡಿ, ಯಾರು ಒತ್ತಾಯಿಸಿದರೂ.

ಕೆಲಸಕ್ಕೆ ಅರ್ಜಿ ಹಾಕುವಾಗ ಇಲ್ಲದ ಅನುಭವ ಬರೆಯಬೇಡಿ. ಖಾಲಿ ಕೂತ ಆರು ತಿಂಗಳನ್ನು ಹಾಗೆಯೇ ತೋರಿಸಿ.

ಪ್ರಾರ್ಥನೆಯ ವಿಷಯಕ್ಕೆ ಬಂದರೆ, ಸ್ತುತಿಯ ಮಾತು ಬಾಯಿಗೆ ಬಾರದಿದ್ದರೆ ಗಾಬರಿಯಾಗಬೇಡಿ. ಕೀರ್ತನೆ 13ರಲ್ಲಿ ಇರುವುದು ಆರೇ ವಚನ, ಅದರ ಮೊದಲ ಎರಡರಲ್ಲೇ "ಎಲ್ಲಿಯವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ. ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ, ಎರಡು ನಿಮಿಷವೂ ಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಒಂದೇ ಮಾತನ್ನು ಮೂರು ಸಲ ಪ್ರಾರ್ಥಿಸಿದನು. ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದ್ದು ಅವಿಧೇಯತೆಯಾಗಲಿಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಾನು ವಿಧೇಯನಾದರೆ ದೇವರು ಕೆಲಸ ಕೊಡಲೇಬೇಕು ಎಂದು ಲೆಕ್ಕ ಹಾಕಿದರೆ ಅದು ವ್ಯಾಪಾರ. ಕೆಲಸ ಸಿಗದ ಮುಂದಿನ ತಿಂಗಳಲ್ಲಿ ಮನಸ್ಸು ಒಡೆಯುತ್ತದೆ, ಸಭೆಗೆ ಹೋಗುವುದೂ ನಿಲ್ಲುತ್ತದೆ. ಅರಸನು ನಿಲ್ಲಿಸಿದ ಬಂಗಾರದ ಬೊಂಬೆಗೆ ಅಡ್ಡಬೀಳದೆ ಬೆಂಕಿಯ ಆವಿಗೆಯ ಮುಂದೆ ನಿಂತ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು, ದೇವರು ಬಿಡಿಸದಿದ್ದರೂ ಅದಕ್ಕೆ ಅಡ್ಡಬೀಳೆವು ಎಂದರು (ದಾನಿಯೇಲ 3:18). ಅವರಿಗೂ ಫಲಿತಾಂಶ ಗೊತ್ತಿರಲಿಲ್ಲ.

ಮೈಯನ್ನೂ ನೋಡಿಕೊಳ್ಳಿ. ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಆತ ಮಲಗಿ ಎದ್ದು ಎರಡನೆಯ ಸಲ ಉಂಡ ಮೇಲೆಯೇ ಹೋರೇಬ್ ಬೆಟ್ಟದ ದಾರಿ ಹಿಡಿದದ್ದು (1 ಅರಸುಗಳು 19). ನಿಮಗೂ ಸಾವಿನ ಯೋಚನೆ ಸುಳಿಯುತ್ತಿದ್ದರೆ ಇಂದೇ ಮನೆಯಲ್ಲಿ ಒಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.