ಪ್ರತಿಕ್ರಿಯೆ: ಎರಡು ಕಾಲಂ ರೆಸ್ಯೂಮೆಗೆ ಕರೆ ಬರುತ್ತಿಲ್ಲ

ಐಕಾನ್, ಕೌಶಲ ಎಷ್ಟಿದೆ ಅಂತ ಶೇಕಡಾದಲ್ಲಿ ತೋರಿಸುವ ಬಣ್ಣದ ಪಟ್ಟಿ ಹಾಕಿ ಎರಡು ಕಾಲಂನಲ್ಲಿ ಮಾಡಿದ ರೆಸ್ಯೂಮೆಗೆ ಒಂದೂ ಕರೆ ಬಂದಿಲ್ಲ ಅಂದಿದ್ದೀರಿ. ಬಹುಶಃ ಆ ವಿನ್ಯಾಸವೇ ಅಡ್ಡ ಬರುತ್ತಿದೆ. ಅರ್ಜಿ ಓದುವ ಸಾಫ್ಟ್‌ವೇರ್ ಪಿಡಿಎಫ್‌ನಿಂದ ಅಕ್ಷರಗಳನ್ನು ಎತ್ತಿಕೊಳ್ಳುವಾಗ ಎರಡೂ ಕಾಲಂ ಕಲಸಿಹೋಗಬಹುದು.

ಮೊದಲು ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ‘ಪೈಥಾನ್ 2021 ಇಮೇಲ್ ಜಾವಾ’ ಅಂತ ಒಂದೇ ಸಾಲಲ್ಲಿ ಬಂದರೆ ಕಾರಣ ಸಿಕ್ಕ ಹಾಗೆ. ಒಂದೇ ಕಾಲಂಗೆ ಬದಲಿಸಿ. ‘ರಿಯಾಕ್ಟ್ 80%’ (ರಿಯಾಕ್ಟ್ ಅಂದರೆ ವೆಬ್ ಪುಟ ಕಟ್ಟುವ ಒಂದು ಕೋಡ್ ಲೈಬ್ರರಿ) ಅನ್ನುವಂಥ ಬಣ್ಣದ ಪಟ್ಟಿ ತೆಗೆದುಬಿಡಿ, 80% ಅಂದರೆ ನಿಮಗೆ ಎಷ್ಟು ಬರುತ್ತದೆ ಅಂತ ಓದುವವರಿಗೆ ತಿಳಿಯಲ್ಲ. ಅದರ ಬದಲು ರಿಯಾಕ್ಟ್‌ನಲ್ಲಿ ಏನು ಕಟ್ಟಿದಿರಿ ಅಂತ ಒಂದು ಸಾಲು ಬರೆಯಿರಿ. ಪೇಸ್ಟ್ ಮಾಡಿದ್ದು ಸರಿಯಾಗಿಯೇ ಇದ್ದರೆ ತೊಂದರೆ ಬೇರೆ ಕಡೆ ಇರಬಹುದು. ಜಾಹೀರಾತಲ್ಲಿ ಕೇಳಿದ, ನಿಮಗೆ ನಿಜವಾಗಿ ಬರುವ ಕೌಶಲಗಳು ಅದೇ ಹೆಸರಲ್ಲಿ ಇವೆಯಾ ನೋಡಿ.

ನಿಮ್ಮ ಕಲೆಗಾರಿಕೆ ಸುಮ್ನೆ ಹೋಗಬಾರದು, ಅಲ್ವಾ? ಅದನ್ನು ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನಿಮ್ಮ ಕೆಲಸದ ಮಾದರಿಗಳನ್ನು ಇಡುವ ಪುಟದಲ್ಲಿ, ತೋರಿಸಿ. ಎರಡು-ಮೂರು ಪ್ರಾಜೆಕ್ಟ್ ಸಾಕು. ಪ್ರತಿಯೊಂದಕ್ಕೂ ಡೆಮೊ, ಕೋಡ್, ಎದುರಾದ ಒಂದು ತೊಡಕು ಮತ್ತು ಅದನ್ನು ಬಿಡಿಸಿದ ರೀತಿ ಇರಲಿ. ಈ ಕೊನೆಯದ್ದನ್ನು ಸಂದರ್ಶನದಲ್ಲಿ ಕೇಳಬಹುದು.

ಕಳಿಸುವ ಮುಂಚೆ ಲಿಂಕ್‌ಗಳನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ವಿಂಡೋದಲ್ಲಿ (ಅಲ್ಲಿ ನಿಮ್ಮ ಲಾಗಿನ್ ಇರಲ್ಲ) ತೆರೆಯಿರಿ. ಗಿಟ್‌ಹಬ್ ರೆಪೊ (ಗಿಟ್‌ಹಬ್ ತಾಣದಲ್ಲಿ ನಿಮ್ಮ ಕೋಡ್ ಇರುವ ಜಾಗ) ಪ್ರೈವೇಟ್ ಆಗಿದ್ದರೆ ಲಾಗಿನ್ ಆಗಿರುವ ನಿಮಗೆ ಕಾಣುತ್ತದೆ, ಕೆಲಸ ಕೊಡುವವರಿಗೆ ಕಾಣಲ್ಲ.